ಕೈ ಮೇಲಿನ ಇಂಟು ಮಾರ್ಕು

ಚನ್ನರಾಯಪಟ್ಟಣ
9 ಜೂನ್ 2025

ಪ್ರೀತಿಯ ಸಿದ್ದೂ,

ಕಾಗದ ಬರೆಯುವುದು ಇಷ್ಟು ಮಜಾ ಅಂತ ನನಗೆ ಯಾರೂ ಹೇಳಿರಲೇ ಇಲ್ಲ! ಕಾನ್ವೆಂಟಿನಲ್ಲಿ ರಜಾ ಚೀಟಿ ಬರೆದ ಮೇಲೆ ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಇಂಗ್ಲಿಷಿನಲ್ಲಿ ಬರೆದರೆ ನಿಮ್ಮ ವಾರ್ಡನ್ ಪಾಪಯ್ಯನವರು ಕೊಡುವುದಿಲ್ಲವಂತೆ, ಮೊದಲು ಅವರು ಓದಬೇಕಂತೆ. ಪಾಪಯ್ಯನವರೇ, ನಮಸ್ಕಾರ. ನಮ್ಮ ತಮ್ಮ ಒಳ್ಳೆಯ ಹುಡುಗ.

ತೊಂಬತ್ತು ದಿನ ಫೋನಿಲ್ಲ, ಹಾಡಿಲ್ಲ. ಅರಕಲಗೂಡಿನಿಂದ ವಾಪಸು ಬರುವಾಗ ಕಾರಿನಲ್ಲಿ ಅಪ್ಪ ಒಂದೂ ಮಾತಾಡಲಿಲ್ಲ. ನಿಮ್ಮ ಬಾವನೇ ಅವರನ್ನು ಸಮಾಧಾನ ಮಾಡಿದ್ದು. ಪೈಪಿನ ಅಂಗಡಿ ಮುಚ್ಚಿ, ಮೋಟರ್ ಲೋಡು ಬರುವುದಿದ್ದರೂ ಬಿಟ್ಟು, ಕುಡಿತ ಬಿಡಿಸುವ ಕೇಂದ್ರಕ್ಕೆ ನಿನ್ನನ್ನು ಸೇರಿಸಲು ಅವರೇ ಕಾರು ಓಡಿಸಿದರಲ್ಲ, ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಹೇಳು! ಮದುವೆಯಾಗಿ ನಾಲ್ಕು ತಿಂಗಳಾಯಿತು, ಇನ್ನೂ ಬೆಳಿಗ್ಗೆ ಎದ್ದು ಪಕ್ಕದಲ್ಲಿ ಅವರನ್ನು ನೋಡಿ ನಗು ಬರುತ್ತದೆ.

ನೀನು ಹಾಡು ಕೇಳುವಂತಿಲ್ಲವಲ್ಲ, ಅದಕ್ಕೆ ನಾನು ಹಾಡುಗಳನ್ನು ಬರೆದು ಕಳಿಸುತ್ತೇನೆ. ಹೊಸ ಹಾಡುಗಳ ಬಗ್ಗೆ ನಾವಿಬ್ಬರೂ ಬರೆದು ಅಂಚೆಯಲ್ಲಿ ಹಂಚುವ ‘ಈ ತಿಂಗಳ ಬಿಡುಗಡೆ’ ಹಾಳೆ ನಿಲ್ಲಬಾರದು. ಕಳೆದ ವಾರ ಬಾಂಡುಂಗಿನ ಆ ಹುಡುಗಿಯರ ತಂಡದ ಹೊಸದು ಬಂತು. ಒಟ್ಟು ಆರು ಹಾಡು, ಒಂಬತ್ತು ನಿಮಿಷ. ಮೊದಲನೆಯದು ಪ್ರೆಶರ್ ಕುಕ್ಕರ್ ಕೂಗುವ ಮುಂಚೆ ಸುಯ್ಯೆನ್ನುತ್ತದಲ್ಲ ಹಾಗೆ ಶುರುವಾಗುತ್ತದೆ. ಆಮೇಲೆ ಡ್ರಮ್ಮು ಮಾಳಿಗೆ ಮೆಟ್ಟಿಲಿನಿಂದ ಉರುಳಿ ಬೀಳುತ್ತದೆ. ನಾನು ಜೋರಾಗಿ ಹಾಕಿದ್ದೆ. ಅತ್ತೆ ಬಂದು, “ಇದೇನವ್ವಾ, ಯಾರಾದ್ರೂ ಬಿದ್ರಾ?” ಅಂದರು. ಇಲ್ಲ ಅತ್ತೆ, ಇದು ಹಾರ್ಡ್‌ಕೋರ್ ಪಂಕು, ಅದರಲ್ಲೂ ಸ್ಟ್ರೇಟ್ ಎಡ್ಜ್, ಈ ತಂಡದವರು ಕುಡಿಯಲ್ಲ, ಸೇದಲ್ಲ, ಯಾವ ನಶೆಯೂ ಮಾಡಲ್ಲ, ಅದಕ್ಕೆ ಗುರುತಾಗಿ ಕೈ ಮೇಲೆ ಇಂಟು ಮಾರ್ಕು ಹಾಕಿಕೊಳ್ಳುತ್ತಾರೆ ಅಂತ ವಿವರಿಸಿದೆ. ಅತ್ತೆ ನುಗ್ಗೇಹಳ್ಳಿಯವರು, ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಕುಡೀದೇನೇ ಇಂಗ್ ಕೂಗಾಡ್ತಾರಾ? ಕುಡುದ್ರೆ ಇನ್ನೆಂಗೆ!” ಅಂದರು. ನಾನು ನಕ್ಕು ನಕ್ಕು ಸೋಫಾದಿಂದ ಬಿದ್ದೆ.

ಮದುವೆ ಆಲ್ಬಂ ಬಂದಿದೆ. ಆರತಕ್ಷತೆಯ ಸಂಜೆಯ ಫೋಟೋದಲ್ಲಿ ನಿನ್ನ ಕೈ ಮೇಲೆ ಎಷ್ಟು ದಪ್ಪ ಇಂಟು! ಮಾರನೆಯ ದಿನ ಮುಹೂರ್ತದಲ್ಲಿ ಅಕ್ಷತೆ ತಟ್ಟೆ ಹಿಡಿದುಕೊಂಡು ನಿಂತಿರುವಾಗ ಮಾತ್ರ ಅದಿಲ್ಲ. ಹಿರಿಯರ ಮುಂದೆ ಬೇಡ ಅಂತ ನನಗೋಸ್ಕರ ಅಳಿಸಿದ್ದೀಯ ಅಲ್ಲವಾ? ಆರು ವರ್ಷದಲ್ಲಿ ಒಂದು ದಿನವೂ ಅದಿಲ್ಲದೆ ಆಚೆ ಬರದವನು. ಎಷ್ಟು ಮುದ್ದು ತಮ್ಮನೋ ನೀನು! ಆ ಸಂಜೆ ನಾನೇ ಅಲ್ಲವಾ ನಿನ್ನನ್ನು ಬಾವನ ಫ್ರೆಂಡ್ಸ್ ರೂಮಿಗೆ ತಳ್ಳಿದ್ದು? ಅವತ್ತಿನಿಂದಲೇ ನೀವಿಬ್ಬರೂ ದೋಸ್ತಿ ಆಗಿದ್ದು ಅಂತ ಇವರು ಎಲ್ಲರ ಹತ್ತಿರವೂ ಹೇಳುತ್ತಾರೆ.

ಅದಾದ ಮೇಲೆ ನಿನಗೆ ಏನಾಯಿತೋ, ಬೈಕಿನಿಂದ ಬೀಳುವಷ್ಟು ಕುಡಿಯಲು ಯಾಕೆ ಶುರು ಮಾಡಿದೆಯೋ, ನಾನು ಕೇಳುವುದಿಲ್ಲ. ಬೇಗ ಹುಷಾರಾಗು.

ಇಂತಿ ನಿನ್ನ ಹೊಚ್ಚಹೊಸ ಮಿಸೆಸ್ ಅಕ್ಕ,
ನಿಧಿ


ಅರಕಲಗೂಡು
20 ಜೂನ್

ಅಕ್ಕ,

ಕಾಗದ ಬಂತು. ಕೈ ನಡುಕ ಕಡಿಮೆಯಾಗಿದೆ. ಬೆಳಿಗ್ಗೆ ಐದಕ್ಕೆ ಎಬ್ಬಿಸುತ್ತಾರೆ, ಪ್ರಾರ್ಥನೆ, ಆಮೇಲೆ ತೋಟದ ಕೆಲಸ. ಪಕ್ಕದ ಮಂಚದಲ್ಲಿ ಬಾಗೂರಿನ ಬೋರಪ್ಪ ಅಂತ ಇದ್ದಾರೆ, ಇದು ಅವರಿಗೆ ನಾಲ್ಕನೇ ಸಲ. “ನಿಂಗೆ ಇದು ಮೊದ್ಲನೇದು ಕಣ್ಲಾ, ಚಿಂತೆ ಮಾಡ್ಬೇಡ,” ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಎಷ್ಟು ಸಲ ಬೇಕಾದರೂ ಮೊದಲಿನಿಂದ ಶುರು ಮಾಡಬಹುದು.

ಒಂದು ಕೆಲಸ ಮಾಡು. ನಮ್ಮ ‘ಬೇಡ’ ತಂಡದ ಕ್ಯಾಸೆಟ್ ಬಿಡುಗಡೆ ಮಾಡಬಾರದು ಅಂತ ನೇತ್ರಾಗೆ, ಪುಟ್ಟರಾಜುಗೆ ಹೇಳು. ಜನವರಿಯಲ್ಲಿ ರೆಕಾರ್ಡ್ ಮಾಡಿದ್ದನ್ನು ಅಳಿಸಲಿ. ನಾಲ್ಕನೇ ಹಾಡು ನಿನಗೆ ಗೊತ್ತು. ‘ಹನಿಯೂ ಒಂದೇ, ಕೊಡವೂ ಒಂದೇ, ತಪ್ಪಿದವನು ನಮ್ಮವನಲ್ಲ.’ ಬರೆದವನು ನಾನು. ಅದನ್ನು ಕೂಗುವ ಬಾಯಿ ಈಗ ಇದು.

ಬಾವನ ಬಗ್ಗೆ ಬರೆದದ್ದನ್ನೆಲ್ಲ ಓದಿದೆ. ನೀನು ಖುಷಿಯಾಗಿದ್ದೀಯ. ಅಷ್ಟಿದ್ದರೆ ಸಾಕು.

ಸಿದ್ದೇಶ್ವರ


ಹಾಸನ
3 ಜುಲೈ

ನನ್ನ ಮುದ್ದು ಪೆದ್ದ ಸಿದ್ದೂ,

ಆಷಾಢ ಅಂತ ನನ್ನನ್ನು ಅಪ್ಪನ ಮನೆಗೆ ಅಟ್ಟಿದ್ದಾರೆ. ಗಂಡನ ಮುಖ ನೋಡದೆ ಒಂದು ವಾರ! ಇವರು ದಿನಾ ಏನಾದರೂ ನೆಪ ಮಾಡಿಕೊಂಡು ಶಾಂತಿಗ್ರಾಮದವರೆಗೆ ಬೈಕಿನಲ್ಲಿ ಬರುತ್ತಾರೆ, ನಾನು ಬಸ್ಸಿನಲ್ಲಿ ಹೋಗುತ್ತೇನೆ, ಹೈವೇ ಪಕ್ಕದ ಹೋಟೆಲಿನಲ್ಲಿ ಕಾಫಿ ಕುಡಿದು ವಾಪಸು. ಅಮ್ಮನಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇದ್ದಾಳೆ.

ನೇತ್ರಾ, ಪುಟ್ಟರಾಜು ಇಬ್ಬರೂ ಬಂದಿದ್ದರು. ನಿನ್ನ ಮಾತು ಹೇಳಿದೆ. ನೇತ್ರಾ ಗಿಟಾರಿನ ತಂತಿ ಸುತ್ತುತ್ತಾ, “ಅವ್ನೇ ಬೇಡ ಅಂದ್ಮೇಲೆ ಬಿಟ್ಬುಡು ನಿಧಿ,” ಅಂದಳು. ಪುಟ್ಟರಾಜು ಮಾತ್ರ ಎದ್ದು ನಿಂತುಬಿಟ್ಟ. “ಐದ್ ವರ್ಷ ಆಲೂಗಡ್ಡೆ ಗೋಡೌನ್ ವಾಸ್ನೇಲಿ ಡ್ರಮ್ ಬಾರ್ಸಿವ್ನಿ ಕಣಕ್ಕ. ಗೋಣಿಚೀಲ ಗೋಡೆಗೆ ಕಟ್ಟಿ ಸೌಂಡ್ ನಿಲ್ಸಿವ್ನಿ. ಒಂದ್ ಕ್ಯಾಸೆಟ್ಟೂ ಇಲ್ದಂಗೆ ಓಗ್ಲಾ?” ಅಂದ. ಅವನ ಕಣ್ಣು ತುಂಬಿತ್ತು, ನನ್ನದೂ.

ಅದಕ್ಕೆ ನಾನೇ ತೀರ್ಮಾನ ಮಾಡಿದೆ. ಬಿಡುಗಡೆ ಆಗುತ್ತದೆ! ನೀನು ಆಚೆ ಬರುವ ಆಗಸ್ಟ್ 31ಕ್ಕೇ! ಐವತ್ತು ಕ್ಯಾಸೆಟ್ಟು, ನಮ್ಮವರ ರೂಢಿಯಂತೆ ಕೈಯಲ್ಲೇ ಹೆಸರು ಬರೆದು. ಮುಖಪುಟಕ್ಕೆ ಏನು ಗೊತ್ತಾ? ಆಲ್ಬಮ್ಮಿನ ಆ ಫೋಟೋದಿಂದ ನಿನ್ನ ಕೈ ಮಾತ್ರ ಕತ್ತರಿಸಿ ತೆಗೆದದ್ದು, ಕಪ್ಪು ಇಂಟು ಸಮೇತ. ನೀನು ದುಡಿಯುತ್ತಿದ್ದ ಫ್ಲೆಕ್ಸ್ ಅಂಗಡಿಯಲ್ಲೇ ಪ್ರಿಂಟ್ ಹಾಕಿಸಿದೆ. ಅದನ್ನು ನೋಡಿದರೆ ನಿನಗೆ ನೀನು ಯಾರು ಅಂತ ನೆನಪಾಗುತ್ತದೆ.

ಆ ನಿಯಮ ಬಿಡು ಮಾರಾಯ. ಒಂದು ಸಲ ತಪ್ಪಿದರೆ ಜೀವಮಾನವಿಡೀ ಹೊರಗೆ ಅನ್ನುವುದು ಯಾವ ನ್ಯಾಯ? ಜಾತಿಯಿಂದ ಹೊರಗಿಡುತ್ತಿದ್ದ ಕಾಲ ಹೋಗಲಿ ಅಂತ ಹಾಡು ಬರೆದವರೂ ನಾವೇ ಅಲ್ಲವಾ?

ಈ ತಿಂಗಳು ಪೋಲೆಂಡಿನ ಮೂವರ ತಂಡದ್ದು ಬಂದಿದೆ. ಹಾಡುವವನಿಗೆ ನೆಗಡಿ ಇರಬೇಕು. ಆದರೂ ಚೆನ್ನಾಗಿದೆ.

ಇಂತಿ ಗಂಡನಿಲ್ಲದೆ ಒಣಗುತ್ತಿರುವ,
ನಿಧಿ


ಅರಕಲಗೂಡು
14 ಜುಲೈ

ಅಕ್ಕ,

ಕೈಮುಗಿದು ಕೇಳುತ್ತೇನೆ, ಆ ಫೋಟೋ ಬೇಡ. ಅದು ಕೊನೆಯ ಇಂಟು.

ನಿಯಮವನ್ನು ಜಾತಿಗೆ ಹೋಲಿಸಬೇಡ. ನನ್ನ ಮೇಲೆ ಯಾರೂ ಹೇರಿದ್ದಲ್ಲ ಅದು. ಹದಿನೆಂಟನೇ ವಯಸ್ಸಿನಲ್ಲಿ ನನಗೆ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಬೋರಪ್ಪನಿಗೆ ಇದನ್ನು ಹೇಳಿದೆ. ಅವರು, “ಅಂಗಾರೆ ನೀನ್ ನಮಗಿಂತ ದೊಡ್ ಕುಡುಕ ಕಣ್ಲಾ,” ಅಂದರು. ತಮಾಷೆಗೆ ಅಂದದ್ದಲ್ಲ.

27ನೇ ತಾರೀಕು ಭೇಟಿಯ ಭಾನುವಾರ. ನೀನು ಬಂದರೆ ಒಬ್ಬಳೇ ಬಾ. ಆಗದಿದ್ದರೆ ಯಾರೂ ಬರುವುದು ಬೇಡ. ಬಾವನನ್ನು ಕಳಿಸಬೇಡ.

ಸಿದ್ದೇಶ್ವರ


ಚನ್ನರಾಯಪಟ್ಟಣ
29 ಜುಲೈ, ನಾಗರ ಪಂಚಮಿ

ಸಿದ್ದೂ,

ಇವತ್ತು ನಿನ್ನ ಬೆನ್ನಿಗೆ ಹಾಲು ಹಾಕಿ ತೊಳೆಯಬೇಕಾಗಿತ್ತು. ಹುತ್ತಕ್ಕೆ ಎರೆದು ಬಂದೆ. ಹುಟ್ಟಿದಾಗಿನಿಂದ ಇದೇ ಮೊದಲ ಸಲ ತಪ್ಪಿದ್ದು.

ಭಾನುವಾರ ನನಗೆ ಬರಲಾಗಲಿಲ್ಲ. ಆಷಾಢ ಮುಗಿಸಿ ಬಂದ ಎರಡೇ ದಿನಕ್ಕೆ ಮನೆಯಲ್ಲಿ ಪೂಜೆ ಇಟ್ಟುಕೊಂಡಿದ್ದರು. ಬಾವ ಬೇಡ ಅಂತ ನೀನು ಬರೆದದ್ದು ಸಂಕೋಚಕ್ಕೆ, ಅದು ನನಗೆ ಗೊತ್ತು. ಅದಕ್ಕೇ ಅವರನ್ನೇ ಕಳಿಸಿದೆ, ಮೊದಲ ಕ್ಯಾಸೆಟ್ಟನ್ನು ಕೈಯಲ್ಲಿ ಕೊಟ್ಟು. ಸರ್ಪ್ರೈಸ್ ಆಗಲಿ ಅಂತ. ಇಬ್ಬರು ಗಂಡಸರು ಕೂತು ಮಾತಾಡಿಕೊಂಡರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ.

ನೀನು ಎರಡೂ ಕೈ ತೊಡೆ ಕೆಳಗೆ ಇಟ್ಟುಕೊಂಡು ಕೂತಿದ್ದೆಯಂತೆ. ಕ್ಯಾಸೆಟ್ಟು ತೆಗೆದುಕೊಳ್ಳಲೂ ಕೈ ಚಾಚಲಿಲ್ಲವಂತೆ, ಬೆಂಚಿನ ಮೇಲೆ ಇಟ್ಟು ಬಂದರಂತೆ. ಅರ್ಧ ಗಂಟೆಯಲ್ಲಿ ನೀನು ಅಂದದ್ದು “ಅಕ್ಕ ಹೇಗಿದ್ದಾಳೆ” ಒಂದೇ ಮಾತಂತೆ. ಇವರಿಗೆ ಪಾಪ ಬೇಜಾರು. ಆಚೆ ಬಂದ ಮೇಲೆ ನಮ್ಮ ಪೈಪಿನ ಅಂಗಡಿಯಲ್ಲೇ ಕೂತ್ಕೋ ಅಂತ ಕೂಡ ಹೇಳಿದರಂತಲ್ಲ.

ಊಟಕ್ಕೆ ಕೂತಾಗ ನಗುತ್ತಾ ಅಂದರು: “ಏನ್ ತಮ್ಮನ್ನ ಹೆತ್ತವ್ರೆ ಕಣೇ ನಿಮ್ಮಮ್ಮ. ಒಂದ್ ಲೋಟ ಬಿಯರ್‌ಗೆ ಇಷ್ಟ್ ದೊಡ್ಡ ರಾಮಾಯಣ ಮಾಡ್ಕಂಡ್ ಕೂತವ್ನೆ.”

ಯಾವ ಬಿಯರು ಅಂದೆ. “ಅದೇ, ಅವತ್ತು,” ಅಂದರು. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು, ಎದ್ದು ಹೋದರು. ಆಮೇಲೆ ಕೇಳೋಣ ಅಂದುಕೊಂಡೆ. ಕೇಳಲಿಲ್ಲ.

ಯಾವ ಬಿಯರು ಸಿದ್ದೂ?

ಅಕ್ಕ


ಅರಕಲಗೂಡು
8 ಆಗಸ್ಟ್

ಅಕ್ಕ,

ಪಾಪಯ್ಯನವರು ಈ ಕಾಗದವನ್ನು ಓದುವುದಿಲ್ಲ ಅಂದಿದ್ದಾರೆ. ನನ್ನ ಮುಖ ನೋಡಿ ಗೋಂದು ಕೊಟ್ಟು, ನೀನೇ ಅಂಟಿಸು ಅಂದರು.

ನೀನು ಕೇಳದೇ ಇದ್ದಿದ್ದರೆ ನಾನು ಹೇಳುತ್ತಿರಲಿಲ್ಲ.

ಆರತಕ್ಷತೆಯ ಸಂಜೆ, ಮಂಟಪದ ಮಹಡಿಯ ಆರನೇ ರೂಮು. ಬಾವ, ಅವರ ನಾಲ್ಕೈದು ಜನ ಸ್ನೇಹಿತರು. ಸ್ಟೀಲ್ ಲೋಟಗಳು. ಮೋಹನ್‌ಕುಮಾರ್ ಅನ್ನುವವರು ನನ್ನ ಕೈ ಹಿಡಿದು, “ಏನ್ ಬಾಮೈದ, ತಪ್ ಮಾರ್ಕ್ ಹಾಕ್ಕಂಡಿದ್ದೀಯ, ಪರೀಕ್ಷೇಲಿ ಫೇಲಾ?” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಬಾವ ಹೆಗಲ ಮೇಲೆ ಕೈ ಹಾಕಿ ತಮ್ಮ ಲೋಟವನ್ನೇ ಕೊಟ್ಟರು. ಕುಡಿಯಲ್ಲ ಬಾವ ಅಂದೆ. “ಅಕ್ಕನ್ನೇ ಕೊಡ್ತಾವ್ನೆ, ಒಂದ್ ಗುಟುಕಿಗೆ ಈ ಪಾಟಿ ಬಿಗುಮಾನ,” ಅಂತ ಇನ್ನೊಬ್ಬರು. ಮೋಹನ್‌ಕುಮಾರ್ ಬಾವನ ಕಡೆ ತಿರುಗಿದರು, ಆಗ ನಗುತ್ತಿರಲಿಲ್ಲ. “ನಾಳೆ ತಾಳಿ ಕಟ್ಟೋನು ಕೈಯ್ಯಾರೆ ಕೊಟ್ರೂ ಮುಟ್ಟಲ್ಲ ಅಂದ್ರೆ, ಬಸ್ವೇಶ, ಇವ್ರ ಮನೇಲಿ ನಿಂಗೆ ಇನ್ನೇನ್ ಮರ್ಯಾದೆ ಸಿಕ್ಕಾತು?” ಅಂದರು. ಬಾವನ ಮುಖ ನೋಡಿದೆ. ಅದು ಸ್ವಲ್ಪ ಬಿಗಿದುಕೊಂಡಿತ್ತು. ಕೆಳಗೆ ನಿನ್ನ ನಗು ಕೇಳಿಸುತ್ತಿತ್ತು, ಯಾರದೋ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದೆ.

ಕುಡಿದೆ. ಬಾವ ಖುಷಿಯಾಗಿ ತಬ್ಬಿಕೊಂಡರು. ಅವರು ಕೆಟ್ಟವರಲ್ಲ ಅಕ್ಕ.

ಬೆಳಿಗ್ಗೆ ಪಾತ್ರೆ ತಿಕ್ಕುವ ನಾರು, ಸೋಪು ತೆಗೆದುಕೊಂಡು ಉಜ್ಜಿದೆ. ಪರ್ಮನೆಂಟ್ ಮಾರ್ಕರ್ ಅದು, ಮೊದಲು ಹೋದದ್ದು ಚರ್ಮ. ಆಲ್ಬಂ ಇನ್ನೊಂದು ಸಲ ನೋಡು, ತಟ್ಟೆ ಹಿಡಿದ ಕೈ ಕೆಂಪಗಿದೆ.

ಮುಂದಿನ ವಾರ ನಾನೇ ಹೋಗಿ ಕೊಂಡುಕೊಂಡೆ. ಆ ವಾರದಲ್ಲಿ ಯಾರೂ ಬಲವಂತ ಮಾಡಿರಲಿಲ್ಲ. ಹನಿಯೂ ಒಂದೇ, ಕೊಡವೂ ಒಂದೇ ಅಂತ ನಂಬಿದವನಿಗೆ ಹನಿಯ ಹತ್ತಿರ ನಿಲ್ಲುವುದಕ್ಕೆ ಜಾಗ ಇರುವುದಿಲ್ಲ.

ಬಾವನನ್ನು ಏನೂ ಕೇಳಬೇಡ. ನೀನು ಚೆನ್ನಾಗಿರಲಿ ಅಂತ ಕುಡಿದದ್ದು. ನೀನು ಚೆನ್ನಾಗಿಲ್ಲದೆ ಹೋದರೆ ಅದೂ ದಂಡ.

ಸಿದ್ದು


ಚನ್ನರಾಯಪಟ್ಟಣ
19 ಆಗಸ್ಟ್

ಸಿದ್ದೂ,

ಕೇಳಿದೆ. ಕ್ಷಮಿಸು.

ಅವರಿಗೆ ನೆನಪೇ ಇಲ್ಲ. ಬಿಯರ್ ಕುಡಿದದ್ದು ನೆನಪಿದೆ, ಮೋಹನ್‌ಕುಮಾರ್ ಅಂದದ್ದು, ನೀನು ಕುಡಿಯಲ್ಲ ಅಂದದ್ದು, ಯಾವುದೂ ಇಲ್ಲ. “ಅವತ್ತು ಯಾರಿಗ್ ಕೊಡ್ಲಿಲ್ಲ ಹೇಳು? ಕುಡ್ದ, ನಕ್ಕ, ಓದ. ಅವ್ನು ಆಮೇಲೆ ಕುಡ್ದು ಬೈಕಿಂದ ಬಿದ್ರೆ ಅದು ನನ್ ತಲೆಗಾ?” ಅಂದರು. ಜಗಳ ಆಡಿದ್ದರೆ ಚೆನ್ನಾಗಿತ್ತು. ಜಗಳ ಕೂಡ ಆಡಲಿಲ್ಲ. ನಿಜವಾಗಿಯೂ ಅರ್ಥವಾಗದೆ ನನ್ನ ಮುಖ ನೋಡಿದರು, ಆಮೇಲೆ ಟೀವಿ ಹಾಕಿದರು. ಅವರು ಸುಳ್ಳು ಹೇಳುತ್ತಿಲ್ಲ. ನಾನು ನಾಲ್ಕು ದಿನದಿಂದ ಯೋಚಿಸುತ್ತಿರುವುದು ಅದನ್ನೇ.

ನೀನು ಒಂದು ವಿಷಯ ಬರೆದಿಲ್ಲ. ಬೇಕೆಂದೇ ಬಿಟ್ಟಿದ್ದೀಯ. ನೀನು ಮೆಟ್ಟಿಲ ಹತ್ತಿರ ನಿಂತು, “ಅಕ್ಕ, ಮೇಲೆ ಅವರೆಲ್ಲ ಕುಡೀತಿದ್ದಾರೆ ಕಣೇ, ನಾನು ಹೋಗಲ್ಲ,” ಅಂದೆ. ನಾನು ನಿನ್ನ ಕೆನ್ನೆ ಹಿಂಡಿ, “ಹೋಗೋ, ಮೂತಿ ಉದ್ದ ಮಾಡ್ಕೋಬೇಡ, ಇವತ್ತೊಂದು ದಿನ ಅವರು ಏನು ಕೊಟ್ಟರೂ ಬೇಡ ಅನ್ಬೇಡ,” ಅಂದೆ. ಸಿಗರೇಟೋ ಪಾನೋ ಅಂತ ಏನೂ ಯೋಚನೆ ಮಾಡಿ ಹೇಳಿದ್ದಲ್ಲ. ನಾನು ಅವತ್ತು ಯಾವುದನ್ನೂ ಯೋಚನೆ ಮಾಡುತ್ತಿರಲಿಲ್ಲ. ತುಂಬ ಸಂತೋಷದಲ್ಲಿದ್ದೆ.

ಇನ್ನೊಂದು. ಕ್ಯಾಸೆಟ್ಟು ನಿಲ್ಲಿಸೋಣ ಅಂತ ಹಾಸನಕ್ಕೆ ಓಡಿದೆ. ಆದರೆ ನಮ್ಮ ಹಾಳೆ ತರಿಸುವ ಮೂವತ್ತೊಂದು ಜನಕ್ಕೂ ನಾನೇ ಒಂದನೇ ತಾರೀಕೇ ಪೋಸ್ಟ್ ಮಾಡಿಬಿಟ್ಟಿದ್ದೆ, ನೀನು ಬರುವಷ್ಟರಲ್ಲಿ ಹೊಗಳಿಕೆ ಬಂದಿರಲಿ ಅಂತ. ಬಂದಿದೆ. ಶಿಲ್ಲಾಂಗಿನ ಹುಡುಗ ಮೇಲ್ ಮಾಡಿದ್ದಾನೆ, ಈ ವರ್ಷದ ಹೊಸ ಬಿಡುಗಡೆಗಳಲ್ಲೆಲ್ಲ ಸುಳ್ಳಾಡದ ದನಿ ಇದೊಂದೇ ಅಂತ. ಮುಚ್ಚಿಡಬೇಕು ಅನ್ನಿಸಿತು, ಆದರೆ ಇನ್ನು ಮೇಲೆ ನಿನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ.

ಇನ್ನು ಹನ್ನೆರಡು ದಿನ. ಒಬ್ಬಳೇ ಬರುತ್ತೇನೆ. ಗೇಟಿನ ಹತ್ತಿರ ನಿಂತಿರುತ್ತೇನೆ. ಅಲ್ಲಿಯವರೆಗೆ ಇರು, ಅಷ್ಟು ಮಾಡು.

ನಿಧಿ


ಅರಕಲಗೂಡು
27-8-2025

ಶ್ರೀಮತಿ ನಿಧಿಯವರಿಗೆ ಪಾಪಯ್ಯನ ನಮಸ್ಕಾರಗಳು.

ತಮ್ಮ ತಂದೆ ನಂಜಯ್ಯನವರಿಗೆ ಫೋನಿನಲ್ಲಿ ತಿಳಿಸಿದ್ದೇವೆ. ತಮಗೂ ಬರೆಯುವುದು ನನ್ನ ಕರ್ತವ್ಯ. ಸಿದ್ದೇಶ್ವರ ಇಪ್ಪತ್ನಾಲ್ಕರ ಬೆಳಿಗ್ಗೆ ಪ್ರಾರ್ಥನೆಯಾದ ಮೇಲೆ ತೋಟಕ್ಕೆ ನೀರು ಬಿಡಲು ಹೋದವನು ಹಾಗೇ ಹೊಳೆನರಸೀಪುರದ ಬಸ್ಸು ಹತ್ತಿದ್ದಾನೆ. ಹಿಂದಿನ ದಿನ ತಮ್ಮ ಕಾಗದ ಬಂದಿತ್ತು. ನಾನು ಓದದೆ ಕೊಟ್ಟೆ. ಓದಿ ಕೊಡಬೇಕಿತ್ತೇನೋ. ಅದನ್ನು ಓದಿ ನನ್ನ ಹತ್ತಿರ ಬಂದು, “ನಮ್ಮಕ್ಕನ ತಪ್ಪೇನಿಲ್ಲ ಸಾ,” ಎಂದ. ಯಾವ ವಿಷಯ ಎಂದು ನನಗೆ ತಿಳಿಯಲಿಲ್ಲ. ಬಟ್ಟೆ, ಚಾಪೆ, ಕಾಗದಗಳು ಇಲ್ಲಿವೆ. ಕ್ಯಾಸೆಟ್ಟನ್ನು ಮಾತ್ರ ಬೋರಪ್ಪನಿಗೆ ಕೊಟ್ಟು ಹೋಗಿದ್ದಾನೆ. ಅವನು ಅದನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದಾನೆ, ಕೇಳಿದರೆ ಕೊಡುವುದಿಲ್ಲ.

ಪಾಪಯ್ಯ


ಚನ್ನರಾಯಪಟ್ಟಣ
5 ಅಕ್ಟೋಬರ್

ಸಿದ್ದೂ,

ಇದನ್ನು ಯಾವ ವಿಳಾಸಕ್ಕೆ ಕಳಿಸಬೇಕೋ ಗೊತ್ತಿಲ್ಲ. ಪುಟ್ಟರಾಜು ಆಲೂಗಡ್ಡೆ ಗೋಡೌನಿನಲ್ಲಿ, ನಿನ್ನ ಮೈಕ್ ಇಡುತ್ತಿದ್ದ ಚೀಲದ ಮೇಲೆ ಇಡುತ್ತಾನಂತೆ. ಬೀಗ ಹಾಕುತ್ತಿಲ್ಲ.

ಹೊಳೆನರಸೀಪುರ ಬಸ್‌ಸ್ಟ್ಯಾಂಡಿನಲ್ಲಿ ನಿನ್ನನ್ನು ನೋಡಿದೆ ಅಂತ ಯಾರೋ ಹೇಳಿದರು, ಅಪ್ಪ ಮೂರು ದಿನ ಹೋಗಿ ಕೂತರು. ಒಂದು ಬಾರಿನ ಮುಂದೆ ಮಲಗಿದ್ದವನನ್ನು ನೀನೇ ಅಂತ ತಿರುಗಿಸಿ ನೋಡಿದರಂತೆ. ಅಲ್ಲ. ಅವನಿಗೊಂದು ಕಾಫಿ ಕೊಡಿಸಿ ಬಂದರು. ಅಮ್ಮ ಈಗಲೂ ಎರಡು ಲೋಟ ಅಕ್ಕಿ ಹೆಚ್ಚಿಗೆ ಹಾಕುತ್ತಾಳೆ.

ನಾನು ಇಲ್ಲೇ ಇದ್ದೇನೆ. ಇವರು ಕೆಟ್ಟವರಲ್ಲ, ನೀನು ಬರೆದದ್ದು ನಿಜ. ನಿನ್ನ ಫೋಟೋ ಹಿಡಿದುಕೊಂಡು ಪೊಲೀಸ್ ಸ್ಟೇಷನ್ನಿಗೆ ಅವರೇ ಓಡಾಡುತ್ತಿದ್ದಾರೆ. ಬೆಳಿಗ್ಗೆ ಎದ್ದು ಪಕ್ಕದಲ್ಲಿ ನೋಡುತ್ತೇನೆ, ಎದ್ದು ಹಾಲು ಕಾಯಿಸುತ್ತೇನೆ. ಚೆನ್ನಾಗಿರಬೇಕು ಅಂತ ದಿನಾ ಪ್ರಯತ್ನ ಪಡುತ್ತೇನೆ, ಇಲ್ಲದಿದ್ದರೆ ನಿನ್ನದು ದಂಡವಾಗುತ್ತದಲ್ಲ. ಆಗುತ್ತಿಲ್ಲ.

ಈ ತಿಂಗಳ ಬಿಡುಗಡೆ: ‘ಬೇಡ’, ಹಾಸನ. ಏಳು ಹಾಡು, ಹನ್ನೊಂದು ನಿಮಿಷ. ನೀನು ಕೇಳಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಗಿಟಾರು ಗರಗಸದ ಹಾಗಿದೆ. ಡ್ರಮ್ಮಿನ ಹಿಂದೆ, ಗೋಣಿಚೀಲಗಳ ಆಚೆ, ಲಾರಿಯೊಂದು ರಿವರ್ಸ್ ಹೋಗುವುದು ಕೇಳಿಸುತ್ತದೆ. ನಾಲ್ಕನೇ ಹಾಡಿನಲ್ಲಿ ನಿನ್ನ ಗಂಟಲು ಒಡೆಯುತ್ತದೆ, ನೀನು ನಿಲ್ಲಿಸುವುದಿಲ್ಲ. ಶಿಲ್ಲಾಂಗಿನವನು ಹೇಳಿದ್ದು ಸರಿ. ಜನವರಿಯಲ್ಲಿ ಅದು ಸುಳ್ಳಾಗಿರಲಿಲ್ಲ.

ಏಳನೆಯದು ಮುಗಿದ ಮೇಲೆ ಟೇಪು ಇನ್ನೂ ಓಡುತ್ತಿದೆ, ಯಾರೂ ಅದನ್ನು ಕತ್ತರಿಸಿಲ್ಲ. ನೇತ್ರಾ ದೂರದಿಂದ, “ಇನ್ನೊಂದ್ ಸಲ ತಗೋತೀಯೇನೋ?” ಅನ್ನುತ್ತಾಳೆ. ನೀನು ಏದುಸಿರು ಬಿಡುತ್ತಾ, “ಬೇಡ ಬಿಡು, ನಮ್ಮಕ್ಕ ಮದುವೆ ಸೀರೆ ತೋರಿಸಬೇಕು ಅಂತ ಆಗಿನಿಂದ ಬಾಗಿಲಲ್ಲಿ ನಿಂತವಳೆ,” ಅನ್ನುತ್ತೀಯ. ಆಮೇಲೆ ಒಬ್ಬಳು ನಗುತ್ತಾಳೆ. ಜೋರಾಗಿ, ಬಹಳ ಹೊತ್ತು. ಆಮೇಲೆ ಖಾಲಿ ಟೇಪು.

ನಿನ್ನೆ ಹಾಕಿಕೊಂಡು ಕೂತಿದ್ದೆ. ಅತ್ತೆ ಅಡಿಗೆಮನೆಯಿಂದ ಬಂದು ಕೇಳಿದರು, “ಕೊನೇಲಿ ಅಂಗೆ ನಗ್ತಾಳಲ್ಲ, ಯಾರವ್ವಾ ಆ ಉಡುಗಿ?”

ನಿಧಿ